ಬಾಲ ಕುಣಿಯಬೇಕು, ಮೈ ತಿರುಗಬಾರದು

ಪ್ರಶ್ನೆ: ನಾನು ಹಾವೇರಿ ಕಡೆಯವನು. ಗೋವಾದ ವೆರ್ಣಾದಲ್ಲಿ ಕೆಲಸ, ಮನೆ ಜುವಾರಿನಗರದಲ್ಲಿ. ಅಮೆರಿಕದವರು ಬಾಸ್ ಮೀನು ಹಿಡಿಯುವ ವಿಡಿಯೋಗಳನ್ನು ನೋಡಿ ಗ್ರಬ್ ಎಂಬ ಮೃದು ಪ್ಲಾಸ್ಟಿಕ್ಕಿನ ಹುಳು, ಅದನ್ನು ಸಿಕ್ಕಿಸಲು ಜಿಗ್ ಹೆಡ್ ಎಂಬ ಸೀಸದ ತಲೆಯ ಗಾಳ ತರಿಸಿಕೊಂಡೆ. ರಜೆಯ ದಿನ ಕುಠ್ಠಾಳಿಯ ಹತ್ತಿರ ಜುವಾರಿ ಹೊಳೆಗೆ ಎಸೆಯುತ್ತೇನೆ. ಸ್ವಲ್ಪ ಹೊತ್ತಿಗೇ ದಾರ ಹುರಿಗೊಂಡು ಗಂಟಾಗುತ್ತದೆ. ಮೀನು ಕುಟುಕಿದ್ದು ಕೈಗೆ ಗೊತ್ತಾಗುತ್ತದೆ, ಎಳೆದರೆ ಬಾಲವಿಲ್ಲದ ಗ್ರಬ್ ಬರುತ್ತದೆ. ಉಳಿದವು ಕಲ್ಲಿಗೆ, ಬೇರಿಗೆ ಸಿಕ್ಕಿ ಹೋಗುತ್ತವೆ. ಗ್ರಬ್ ಅನ್ನು ಗಾಳಕ್ಕೆ ಸರಿಯಾಗಿ ಹಾಕುವುದು ಹೇಗೆ? ಎಷ್ಟು ತೂಕ, ಯಾವ ಬಣ್ಣ? ಊರಿಗೆ ಹೋದಾಗ ಕೆರೆಯ ಕೊರವನಿಗೂ ಇದು ನಡೆಯುತ್ತದೆಯೇ?

ಉತ್ತರ: ನೀವು ವಿಡಿಯೋದಲ್ಲಿ ನೋಡಿದ ಬಾಸ್ ಜುವಾರಿಯಲ್ಲಿಲ್ಲ. ಲಾರ್ಜ್‌ಮೌತ್, ಸ್ಮಾಲ್‌ಮೌತ್ ಎರಡೂ ಉತ್ತರ ಅಮೆರಿಕದ ಸಿಹಿನೀರಿನವು, ಸನ್‌ಫಿಶ್ ಕುಟುಂಬಕ್ಕೆ ಸೇರಿದವು. ನಮ್ಮ ಅಳಿವೆಯಲ್ಲಿರುವುದು ಏಷ್ಯನ್ ಸೀ ಬಾಸ್, ಅಂದರೆ ಬಾರಾಮುಂಡಿ. ಗೋವಾದ ಮೀನು ಮಾರುಕಟ್ಟೆಯಲ್ಲಿ ಅದು ಚೊಣಕ್, ಮುಂಬೈ ಕಡೆ ಜಿತಾಡಾ. ಅಮೆರಿಕದ ಬಾಸ್‌ಗೂ ಇದಕ್ಕೂ ನೆಂಟಸ್ತಿಕೆ ಬಲು ದೂರದ್ದು. ಆದರೆ ಊಟದ ಕ್ರಮ ಮಾತ್ರ ಹೆಚ್ಚುಕಡಿಮೆ ಒಂದೇ. ಎರಡೂ ಬೇರಿನ ಸಂದಿಯಲ್ಲೋ ಕಂಬದ ಮರೆಯಲ್ಲೋ ಹೊಂಚು ಹಾಕಿ ನಿಲ್ಲುತ್ತವೆ, ಹತ್ತಿರ ಬಂದದ್ದನ್ನು ದೊಡ್ಡ ಬಾಯಿ ತೆರೆದು ನೀರಿನ ಸಮೇತ ಒಳಕ್ಕೆ ಎಳೆದುಕೊಳ್ಳುತ್ತವೆ. ಹಾಗಾಗಿ ನಿಮ್ಮ ಗ್ರಬ್ ದಂಡವಾಗಲಿಲ್ಲ. ವಿಡಿಯೋದಿಂದ ಕಲಿತದ್ದರಲ್ಲಿ ಅರ್ಧವನ್ನು ಇಟ್ಟುಕೊಳ್ಳಿ, ಇನ್ನರ್ಧವನ್ನು ಹೊಳೆಗೆ ತಕ್ಕಂತೆ ತಿದ್ದಿಕೊಳ್ಳಿ.

ತಿದ್ದಬೇಕಾದದ್ದು ಮುಖ್ಯವಾಗಿ ತೂಕ. ಅಲ್ಲಿಯ ವಿಡಿಯೋಗಳಲ್ಲಿ ಹೆಚ್ಚಿನವು ನಿಂತ ನೀರಿನವು. ಜುವಾರಿಯ ನೀರು ದಿನಕ್ಕೆ ನಾಲ್ಕು ಸಲ ದಿಕ್ಕು ಬದಲಿಸುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಭರತಕ್ಕೂ ಇಳಿತಕ್ಕೂ ಸುಮಾರು ಎರಡು ಮೀಟರ್ ವ್ಯತ್ಯಾಸ ಬರುತ್ತದೆ, ಅಷ್ಟೂ ನೀರು ಸೇತುವೆಯ ಕಂಬಗಳ ನಡುವೆ ನುಗ್ಗಿ ಹೋಗಬೇಕು. ಬೆಳಿಗ್ಗೆ ಏಳಕ್ಕೆ ಸರಿಯಿದ್ದ ತೂಕ ಒಂಬತ್ತಕ್ಕೆ ಸರಿಯಿರುವುದಿಲ್ಲ. ಗ್ರಬ್ ಮೀನು ಹಿಡಿಯುವುದು ಅದು ಬೀಳುವಾಗ, ಬೀಳುವ ವೇಗವನ್ನು ನಿರ್ಧರಿಸುವುದು ಸೀಸ. ಇದೊಂದು ಕೈಗೆ ಬಂದರೆ ಬಣ್ಣದ ಪ್ರಶ್ನೆಗೆ ನೀವೇ ಅಷ್ಟು ಬೆಲೆ ಕೊಡುವುದಿಲ್ಲ. ಅದಕ್ಕೆ ಮುಂಚೆ ದಾರ ಹುರಿಗೊಳ್ಳುವುದನ್ನು ನಿಲ್ಲಿಸೋಣ.

ದಾರ ಹುರಿಗೊಳ್ಳುತ್ತಿದೆ ಎಂದರೆ ಗ್ರಬ್ ನೀರಿನಲ್ಲಿ ಗಿರಗಿರನೆ ಸುತ್ತುತ್ತಿದೆ. ಸೊಟ್ಟ ಸಿಕ್ಕಿಸಿದ್ದರಿಂದ ಹೀಗಾಗುತ್ತದೆ. ಗ್ರಬ್‌ನ ವಿನ್ಯಾಸ ಬಹಳ ಸರಳ: ಗುಂಡಗಿನ ಮೈ, ಹಿಂದೆ ಕುಡುಗೋಲಿನಂತೆ ಬಾಗಿದ ತೆಳು ಬಾಲ. 1949ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಊರಿನಲ್ಲಿ ನಿಕ್ ಕ್ರೀಮ್ ಎಂಬುವರು ಮೃದು ಪ್ಲಾಸ್ಟಿಕ್ಕಿನ ಎರೆಹುಳು ಮಾಡಿ ಮಾರಾಟಕ್ಕೆ ತಂದರು. ಸುರುಳಿ ಬಾಲ ಮನೆಮಾತಾದದ್ದು 70ರ ದಶಕದಲ್ಲಿ, ಮಿಸ್ಟರ್ ಟ್ವಿಸ್ಟರ್ ಕಂಪನಿಯ ಗ್ರಬ್‌ಗಳು ಬಂದ ಮೇಲೆ. ಆ ಬಾಲ ನಿಧಾನಕ್ಕೆ ಎಳೆದರೂ ತಾನಾಗಿ ಪಟಪಟ ಅಲ್ಲಾಡುತ್ತದೆ, ನೀವು ಕೈಯಿಂದ ಏನೂ ಕುಣಿಸಬೇಕಿಲ್ಲ. ಆದರೆ ಮೈ ನೆಟ್ಟಗಿದ್ದರೆ ಮಾತ್ರ ಬಾಲ ತನ್ನ ಕೆಲಸ ಮಾಡುತ್ತದೆ. ಮೈ ಕೂದಲೆಳೆಯಷ್ಟು ವಾಲಿದರೂ ಬಾಲದ ಒತ್ತಡ ಇಡೀ ಗ್ರಬ್ಬನ್ನೇ ತಿರುಗಿಸಿಬಿಡುತ್ತದೆ.

ಹಾಕುವ ಕ್ರಮ ಹೀಗೆ. ಗ್ರಬ್ಬನ್ನು ಬೆಳಕಿಗೆ ಹಿಡಿದು ನೋಡಿ, ಅಚ್ಚಿನಲ್ಲಿ ಎರಡು ಅರ್ಧ ಕೂಡಿದ ಕಡೆ ಮೈಯುದ್ದಕ್ಕೂ ಸಣ್ಣ ಗೆರೆ ಇರುತ್ತದೆ. ಅದೇ ನಿಮ್ಮ ದಾರಿ. ಚುಚ್ಚುವ ಮುಂಚೆ ಜಿಗ್ ಹೆಡ್ಡನ್ನು ಗ್ರಬ್‌ನ ಪಕ್ಕದಲ್ಲಿಟ್ಟು ಅಳೆಯಿರಿ: ಸೀಸದ ತಲೆ ಗ್ರಬ್‌ನ ಮೂತಿಗೆ ತಾಗಿದಾಗ ಗಾಳದ ಬಾಗು ಎಲ್ಲಿಗೆ ಬರುತ್ತದೋ ಅಲ್ಲಿ ಉಗುರಿನಿಂದ ಗುರುತು ಮಾಡಿ. ಮೊನೆಯನ್ನು ಮೂತಿಯ ನಟ್ಟನಡುವೆ ಚುಚ್ಚಿ, ಗಾಳವನ್ನು ತಳ್ಳುವುದಕ್ಕಿಂತ ಗ್ರಬ್ಬನ್ನು ಗಾಳದ ಮೇಲೆ ಏರಿಸುತ್ತಾ ಹೋಗಿ, ಗುರುತಿನ ಹತ್ತಿರ ಬೆನ್ನಿನ ಗೆರೆಯ ಮೇಲೆಯೇ ಮೊನೆ ಹೊರಗೆ ಬರಲಿ. ಕೊನೆಗೆ ಮೂತಿಯನ್ನು ಸೀಸದ ಕತ್ತಿನ ಮುಳ್ಳಿನ ಮೇಲೆ ಗಟ್ಟಿಯಾಗಿ ಒತ್ತಿ ಕೂರಿಸಿ. ಗ್ರಬ್ ಎಲ್ಲಿಯೂ ಮುದುಡಿರಬಾರದು, ಎಳೆದು ಬಿಗಿದಂತೆಯೂ ಇರಬಾರದು. ಮುದುಡಿದರೆ ಮೊನೆ ಮೂತಿಗೆ ಇನ್ನಷ್ಟು ಹತ್ತಿರ ಹೊರಬರಬೇಕಿತ್ತು ಎಂದರ್ಥ, ಬಿಗಿದಿದ್ದರೆ ಬಾಲಕ್ಕೆ ಇನ್ನಷ್ಟು ಹತ್ತಿರ. ತೆಗೆದು ಮತ್ತೆ ಹಾಕಿ. ಒಂದೇ ಗ್ರಬ್ಬನ್ನು ಪದೇಪದೇ ಚುಚ್ಚಿದರೆ ರಂಧ್ರ ಸಡಿಲವಾಗುತ್ತದೆ, ಆದ್ದರಿಂದ ಮೊದಲ ಅಳತೆಯಲ್ಲೇ ನಿಗಾ ಇರಲಿ.

ಬಾಲ ಮೇಲಕ್ಕಿರಬೇಕೋ ಕೆಳಕ್ಕೋ ಎಂಬುದರ ಬಗ್ಗೆ ಬಾಸ್ ಹಿಡಿಯುವವರಲ್ಲಿ ಜಗಳವೇ ಇದೆ. ನಾನು ಗಾಳದ ಮೊನೆಗೆ ವಿರುದ್ಧ ದಿಕ್ಕಿಗೆ, ಅಂದರೆ ಕೆಳಮುಖವಾಗಿ ಬಾಗುವಂತೆ ಹಾಕುತ್ತೇನೆ. ಕಾರಣ ದೊಡ್ಡದೇನಲ್ಲ, ಎಸೆಯುವಾಗ ಬಾಲ ಗಾಳಕ್ಕೆ ಸುತ್ತಿಕೊಳ್ಳುವುದು ಕಡಿಮೆ. ಮೀನಿಗೆ ಎರಡೂ ಒಂದೇ.

ಹಾಕಿದ ಮೇಲೆ ಕಾಲ ಬುಡದ ನೀರಿನಲ್ಲೇ ಒಂದು ಮಾರು ಎಳೆದು ನೋಡಿ. ಮೈ ಅಲುಗದೆ ಬಾಲ ಮಾತ್ರ ಕುಣಿದರೆ ಎಸೆಯಿರಿ. ಮೈ ಸುತ್ತಿದರೆ ಎಸೆಯಬೇಡಿ. ಇಷ್ಟು ಮಾಡಿದರೂ ಸುತ್ತುತ್ತಿದ್ದರೆ ಬಾಲವೇ ಮಡಚಿಹೋಗಿರುತ್ತದೆ. ಬೇಸಿಗೆಯಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿಟ್ಟ ಗ್ರಬ್‌ಗಳಿಗೆ ಇದೇ ಗತಿ. ಚಹಾ ಲೋಟದಲ್ಲಿ ಕುದಿಯುವ ನೀರು ಹಾಕಿ ಬಾಲವನ್ನು ಕೆಲವು ಸೆಕೆಂಡು ಅದ್ದಿ, ಬೆರಳಲ್ಲಿ ಮೂಲ ಆಕಾರಕ್ಕೆ ತಂದು, ಕೂಡಲೇ ತಣ್ಣೀರಿಗೆ ಹಾಕಿ. ಸರಿಹೋಗುತ್ತದೆ. ಆ ಲೋಟವನ್ನು ಮತ್ತೆ ಚಹಾಕ್ಕೆ ಬಳಸಬೇಡಿ, ಇವು ಪಿವಿಸಿಗೆ ಮೆದುಗೊಳಿಸುವ ಎಣ್ಣೆ ಬೆರೆಸಿ ಮಾಡಿದವು. ಅದೇ ಕಾರಣಕ್ಕೆ ಬೇರೆ ಬೇರೆ ಕಂಪನಿಯವನ್ನು ಒಂದೇ ಡಬ್ಬಿಯಲ್ಲಿ ಸುರಿಯಬೇಡಿ. ಝೀ-ಮ್ಯಾನ್‌ನಂಥ ಕಂಪನಿಗಳು ಬಳಸುವ ರಬ್ಬರಿನಂತೆ ಜಗ್ಗುವ ವಸ್ತು ಬೇರೆ ಜಾತಿಯದು, ಪಿವಿಸಿ ಗ್ರಬ್ ಜತೆ ಇಟ್ಟರೆ ಎರಡೂ ಕರಗಿ ಅಂಟಾಗುತ್ತವೆ. ಬಂದ ಪೊಟ್ಟಣದಲ್ಲೇ ಇರಲಿ.

ಈಗ ತೂಕ. ವಿಡಿಯೋದವರು ಮೂರಿಂಚಿನ ಗ್ರಬ್ಬಿಗೆ ಔನ್ಸಿನ ಎಂಟನೆಯ ಒಂದು ಭಾಗದ ತಲೆ ಹಾಕಿ ಎನ್ನುತ್ತಾರೆ, ಅಂದರೆ ಸುಮಾರು 3.5 ಗ್ರಾಂ. ತಿಳಿನೀರಿನ ಸ್ಮಾಲ್‌ಮೌತ್‌ಗೆ ಅದು ಸರಿ. ಕುಠ್ಠಾಳಿಯಲ್ಲಿ ಇಳಿತ ಜೋರಾದಾಗ 3.5 ಗ್ರಾಂ ತಳ ಮುಟ್ಟುವುದೇ ಇಲ್ಲ, ತೇಲಿಕೊಂಡು ಹೋಗಿ ದಡದ ಬೇರಿಗೆ ಸೇರುತ್ತದೆ. ನಿಮ್ಮ ಚೀಲದಲ್ಲಿ 3.5, 7, 10 ಮತ್ತು 14 ಗ್ರಾಂ ನಾಲ್ಕೂ ಇರಲಿ. ಯಾವುದನ್ನು ಹಾಕಬೇಕೆಂದು ಪುಸ್ತಕ ನೋಡಬೇಕಿಲ್ಲ. ಎಸೆಯಿರಿ, ದಾರ ಬಿಡಿ, ಮನಸ್ಸಿನಲ್ಲೇ ಎಣಿಸಿ. ದಾರ ತಟ್ಟನೆ ಸಡಿಲವಾದರೆ ತಳ ಮುಟ್ಟಿತು. ಎಣಿಕೆ ಮುಗಿಯದೆ ದಾರ ಒಂದೇ ಸಮನೆ ಅಡ್ಡಕ್ಕೆ ಹರಿಯುತ್ತಿದ್ದರೆ ತೂಕ ಸಾಲದು, ಒಂದು ಮೆಟ್ಟಿಲು ಮೇಲೆ ಹೋಗಿ. ಎರಡು ಎಣಿಸುವಷ್ಟರಲ್ಲಿ ಕಲ್ಲಿನಂತೆ ಕೂತರೆ ಹೆಚ್ಚಾಯಿತು, ಒಂದು ಮೆಟ್ಟಿಲು ಕೆಳಗಿಳಿಯಿರಿ. ತಳ ಮುಟ್ಟುವುದು ಗೊತ್ತಾಗುವಷ್ಟರಲ್ಲಿ ಅತಿ ಹಗುರ ಯಾವುದೋ ಅದೇ ಸರಿಯಾದ ತೂಕ. ನೀರಿನ ಓಟ ಬದಲಾದ ಹಾಗೆಲ್ಲ ಇದನ್ನು ಮತ್ತೆ ನೋಡಬೇಕು. ಹೆಚ್ಚಿನವರು ಇಲ್ಲೇ ಸೋಮಾರಿಗಳಾಗುತ್ತಾರೆ. ಬೆಳಿಗ್ಗೆ ಕಟ್ಟಿದ ತಲೆಯನ್ನೇ ಮಧ್ಯಾಹ್ನದವರೆಗೆ ಎಸೆದು, ಮೀನಿಲ್ಲ ಎಂದು ಹೋಗುತ್ತಾರೆ.

ಕಲ್ಲಿಗೆ ಸಿಕ್ಕಿಕೊಳ್ಳುವುದೂ ಹೆಚ್ಚಿನ ಪಾಲು ಇದೇ ಲೆಕ್ಕ. ಭಾರದ ತಲೆ ತಳದಲ್ಲಿ ಉರುಳಿ ಸಂದಿಗೆ ಬೀಳುತ್ತದೆ. ಸೇತುವೆಯ ಬುಡ, ಹಳೆಯ ಜೆಟ್ಟಿ, ಗೋಡೆಯ ಕಲ್ಲು ಎಲ್ಲದಕ್ಕೂ ಕಲ್ವದ (ಆಯ್ಸ್ಟರ್) ಚಿಪ್ಪು ಕಚ್ಚಿಕೊಂಡಿರುತ್ತದೆ. ಅದು ಬ್ಲೇಡು, ದಾರ ಒಮ್ಮೆ ತಾಗಿದರೆ ಮುಗಿಯಿತು. ಅಂಥ ಕಡೆ ತಳಕ್ಕೆ ಬಿಡಬೇಡಿ. ಹತ್ತು ಎಣಿಸಿದರೆ ತಳ ಎಂದು ಗೊತ್ತಾದ ಮೇಲೆ ಎಂಟಕ್ಕೇ ಸುತ್ತಲು ಶುರು ಮಾಡಿ.

ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ನಡುವೆ ಮಾತ್ರ ಹೊರಗೆ ಮೊನೆಯಿರುವ ಜಿಗ್ ಹೆಡ್ ಕೆಲಸಕ್ಕೆ ಬಾರದು. ಅಲ್ಲಿಗೆ ಟೆಕ್ಸಸ್ ರಿಗ್. ದಾರಕ್ಕೆ ಮೊದಲು ಬಂದೂಕಿನ ಗುಂಡಿನಾಕಾರದ, ತೂತಿರುವ ಸೀಸ ಪೋಣಿಸಿ, ಚೂಪು ಕಡೆ ರಾಡ್ ಕಡೆಗಿರಲಿ, ನಂತರ ಕತ್ತಿನ ಬಳಿ ಮೆಟ್ಟಿಲಿನಂತೆ ಮುರಿದ ಆಫ್‌ಸೆಟ್ ಗಾಳ ಕಟ್ಟಿ. ಗಾಳದ ಮೊನೆಯನ್ನು ಗ್ರಬ್‌ನ ಮೂತಿಯಲ್ಲಿ ಅರ್ಧ ಸೆಂಟಿಮೀಟರ್ ಒಳಗೆ ಹಾಕಿ ಕೆಳಗಡೆಯಿಂದ ಹೊರತೆಗೆಯಿರಿ, ದಾರ ಕಟ್ಟಿದ ಕಣ್ಣಿನವರೆಗೂ ಎಳೆದು ಗಾಳವನ್ನು ಅರ್ಧ ಸುತ್ತು ತಿರುಗಿಸಿ, ಗಾಳ ತೂಗುಬಿಟ್ಟಾಗ ಬಾಗು ಎಲ್ಲಿಗೆ ಬರುತ್ತದೋ ಅಲ್ಲಿ ಮತ್ತೆ ನೇರಕ್ಕೆ ಚುಚ್ಚಿ. ಮೊನೆ ಬೆನ್ನಿನಿಂದ ಪೂರ್ತಿ ಹೊರಬಂದ ಮೇಲೆ ತುದಿಯನ್ನು ಮಾತ್ರ ಚರ್ಮದೊಳಗೆ ಸಿಕ್ಕಿಸಿ ಮುಚ್ಚಿ. ಈಗ ಬೇರಿನ ಮೇಲೆ ಹತ್ತಿ ಇಳಿದರೂ ಸಿಕ್ಕಿಕೊಳ್ಳುವುದು ಅಪರೂಪ. ಸೀಸ ಮುಂದೆ ಓಡಿ ಗ್ರಬ್ ಹಿಂದೆ ಉಳಿದು ಎರಡೂ ಬೇರಿನ ಎರಡು ಬದಿಗೆ ಹೋಗುತ್ತವೆ ಎಂದಾದರೆ, ಸೀಸದ ತೂತಿಗೆ ಹಲ್ಲುಕಡ್ಡಿ ತುರುಕಿ ಮುರಿದುಬಿಡಿ, ಅಲುಗದೆ ನಿಲ್ಲುತ್ತದೆ. ಒಂದು ತೊಡಕಿದೆ: ದಪ್ಪ ಮೈಯ ಗ್ರಬ್ಬಿನಲ್ಲಿ ಮೊನೆ ಪ್ಲಾಸ್ಟಿಕ್ ಸೀಳಿ ಮೀನಿನ ದವಡೆ ಮುಟ್ಟುವಷ್ಟರಲ್ಲಿ ಮೀನು ಉಗುಳಿರುತ್ತದೆ. ಟೆಕ್ಸಸ್ ರಿಗ್‌ಗೆ ಸಪೂರ ಮೈಯದನ್ನೇ ಆರಿಸಿ, ಕುಟುಕಿದಾಗ ಸಡಿಲ ದಾರ ಸುತ್ತಿಕೊಂಡು ಜೋರಾಗಿಯೇ ಎಳೆಯಿರಿ.

ಬಾಲ ಕಳೆದುಕೊಳ್ಳುವ ಪ್ರಶ್ನೆಗೆ ಉತ್ತರ ಗ್ರಬ್ಬಿನ ಗಾಯದಲ್ಲೇ ಇದೆ, ನೋಡುವ ಅಭ್ಯಾಸ ಮಾಡಿಕೊಳ್ಳಿ. ಚೊಣಕ್‌ನ ಬಾಯಲ್ಲಿ ಕತ್ತರಿಸುವ ಹಲ್ಲಿಲ್ಲ, ಮುಟ್ಟಿದರೆ ಒರಟು ಉಪ್ಪುಕಾಗದದಂಥ ಸಣ್ಣ ಹಲ್ಲುಗಳ ಪಟ್ಟಿಗಳಿವೆ ಅಷ್ಟೆ. ಅಮೆರಿಕದ ಬಾಸ್‌ನದೂ ಹಾಗೇ. ಆದ್ದರಿಂದ ಕತ್ತರಿ ಹಾಕಿದಂತೆ ಬಾಲ ನೀಟಾಗಿ ತುಂಡಾಗಿದ್ದರೆ ಅದು ಚೊಣಕ್ ಅಲ್ಲ, ಹೆಚ್ಚಿನ ಸಲ ಗಿಣಿಕೊಕ್ಕಿನಂಥ ದವಡೆಯ ಪಫರ್ ಮೀನು. ಅದರ ಗುಂಪು ಬಂದಿದೆಯೆಂದರೆ ಗ್ರಬ್ ಬದಲಿಸಿ ಪ್ರಯೋಜನವಿಲ್ಲ, ಜಾಗ ಬದಲಿಸಿ. ಎದುರುಬದುರಾಗಿ ತೂತುಗಳಿದ್ದರೆ ಕೋರೆಹಲ್ಲಿನ ಮ್ಯಾಂಗ್ರೋವ್ ಜ್ಯಾಕ್ ಇರಬಹುದು. ಅದೇ ಬೇರಿನ ಬುಡಕ್ಕೆ ಮತ್ತೆ ಎಸೆಯಿರಿ, ಈ ಸಲ ಡ್ರ್ಯಾಗ್, ಅಂದರೆ ರೀಲ್ ದಾರ ಬಿಟ್ಟುಕೊಡುವ ತಿರುಪು, ಬಿಗಿ ಮಾಡಿ, ಏಕೆಂದರೆ ಜ್ಯಾಕ್ ಕಚ್ಚಿದ ಮರುಕ್ಷಣ ಬೇರಿನೊಳಗೆ ನುಗ್ಗುತ್ತದೆ. ಗ್ರಬ್ ಹರಿಯದೆ ಗಾಳದ ಬಾಗಿನ ಕಡೆ ಜಾರಿ ಮುದುಡಿ ಬಂದರೆ ಮೀನು ಬಾಲ ಮಾತ್ರ ಹಿಡಿದು ಎಳೆದಿದೆ. ಸೀಸದ ಕತ್ತಿಗೆ ಒಂದು ಹನಿ ಫೆವಿಕ್ವಿಕ್ ಹಾಕಿ ಗ್ರಬ್ ಕೂರಿಸಿದರೆ ಜಾರುವುದು ನಿಲ್ಲುತ್ತದೆ. ಜತೆಗೆ ನಾಲ್ಕಿಂಚಿನಿಂದ ಮೂರಿಂಚಿಗೆ ಇಳಿಯಿರಿ, ಗಾಳ ಬಾಲಕ್ಕೆ ಹತ್ತಿರವಾಗುತ್ತದೆ.

ಇನ್ನೊಂದು ಕಾರಣ ನಿಮ್ಮ ಕೈಯಲ್ಲಿದೆ ಎಂದು ನನ್ನ ಅನುಮಾನ. ಕೆರೆಯಲ್ಲಿ ಎರೆಹುಳು ಹಾಕಿ ಕೂತು ಬೆಳೆದವರಿಗೆ ಬೆಂಡು ಮುಳುಗಿದ ಕೂಡಲೇ ರಾಡ್ ಎತ್ತಿ ಝಾಡಿಸುವುದು ರಕ್ತದಲ್ಲೇ ಇರುತ್ತದೆ. ಗ್ರಬ್ಬನ್ನು ಒಂದೇ ಸಮ ಸುತ್ತುತ್ತಿರುವಾಗ ಟಕ್ ಟಕ್ ಎಂದು ಕುಟುಕಿದರೆ ಝಾಡಿಸಬೇಡಿ. ಹಿಂದೆ ಬಂದು ಬಾಲ ಮುಟ್ಟಿ ನೋಡುತ್ತಿದೆ, ಸುತ್ತುವುದನ್ನು ಅದೇ ವೇಗದಲ್ಲಿ ಮುಂದುವರಿಸಿ. ರಾಡ್ ಭಾರವಾಗಿ ಬಾಗಿದಾಗ ಪಕ್ಕಕ್ಕೆ ಗಟ್ಟಿಯಾಗಿ ಎಳೆಯಿರಿ. ಬೀಳುವಾಗ ಕುಟುಕಿದರೆ ಮಾತ್ರ ತಡಮಾಡಬಾರದು, ಆಗ ಗ್ರಬ್ ಆಗಲೇ ಬಾಯೊಳಗಿರುತ್ತದೆ. ಬಿಗಿದ ದಾರದಲ್ಲಿ ಬೀಳಿಸಿದರೆ ಮೀನು ಎಳೆದುಕೊಂಡ ನೀರಿನ ಜತೆ ಗ್ರಬ್ ಒಳಗೆ ಹೋಗುವುದಿಲ್ಲ. ಪೂರ್ತಿ ಸಡಿಲ ಬಿಟ್ಟರೆ ಕುಟುಕಿದ್ದು ನಿಮಗೆ ತಿಳಿಯುವುದಿಲ್ಲ. ರಾಡ್‌ನ ತುದಿಯನ್ನು ಗ್ರಬ್ ಇಳಿಯುವ ವೇಗದಲ್ಲೇ ಕೆಳಗಿಳಿಸುತ್ತಾ ಹೋಗುವುದೊಂದೇ ದಾರಿ. ಕಣ್ಣು ದಾರ ನೀರು ಮುಟ್ಟುವ ಜಾಗದ ಮೇಲಿರಲಿ. ದಾರ ಒಂದಿಂಚು ಪಕ್ಕಕ್ಕೆ ಸರಿದರೂ ಅದು ಮೀನೇ.

ಕುಠ್ಠಾಳಿಯಂಥ ಜಾಗದಲ್ಲಿ ಎಸೆಯಬೇಕಾದದ್ದು ನೀರು ಬರುವ ಕಡೆಗೆ ಓರೆಯಾಗಿ, ನೇರ ಎದುರಿಗಲ್ಲ. ತಳ ಮುಟ್ಟಿದ ಮೇಲೆ ರಾಡ್ ತುದಿಯನ್ನು ಒಂದು ಮೊಳದಷ್ಟು ಎತ್ತಿ ಬಿಡಿ, ಓಟದ ನೀರು ಗ್ರಬ್ಬನ್ನು ಒಂದಿಷ್ಟು ದೂರ ಹೊತ್ತು ಇಳಿಸುತ್ತದೆ. ಮತ್ತೆ ಎತ್ತಿ. ನಡುವೆ ಉಳಿದ ಸಡಿಲ ದಾರವನ್ನಷ್ಟೇ ಸುತ್ತಿಕೊಳ್ಳಿ. ಓಟಕ್ಕೆ ಸಿಕ್ಕ ಸಿಗಡಿ ಹೀಗೇ ಸಾಗುತ್ತದೆ, ಕಂಬದ ಹಿಂದೆ ನೀರು ತಿರುವು ಹಾಕುವ ಕಡೆ ಮುಖ ಮಾಡಿ ನಿಂತ ಚೊಣಕ್ ಅದಕ್ಕೇ ಕಾಯುತ್ತಿರುತ್ತದೆ. ರಾತ್ರಿ ಸೇತುವೆಯ ದೀಪ ನೀರಿಗೆ ಬೀಳುವ ಕಡೆ ಬೆಳಕಿನೊಳಗೆ ಎಸೆದು ನೆರಳಿನೊಳಗೆ ತನ್ನಿ, ಮೀನು ನಿಲ್ಲುವುದು ನೆರಳಿನ ಅಂಚಿನಲ್ಲಿ. ನಿಂತ ನೀರಿನ ಹೊತ್ತಿನಲ್ಲಿ, ಅಂದರೆ ಭರತ ಮುಗಿದು ಇಳಿತ ಶುರುವಾಗುವ ಆ ಅರ್ಧ ಗಂಟೆ, ನಿಧಾನಕ್ಕೆ ಒಂದೇ ಸಮ ಸುತ್ತುವುದು ಒಳ್ಳೆಯದು. ಎಷ್ಟು ನಿಧಾನ ಎಂದರೆ ಬಾಲ ಅಲ್ಲಾಡುವುದು ನಿಲ್ಲಬಾರದು, ಅಷ್ಟೇ. ಚಳಿ ನೀರಿನ ಬಾಸ್‌ಗೆ ವಿಡಿಯೋದವರು ಹೇಳುವ ಆಮೆ ನಡಿಗೆ ನಮಗೆ ಬೇಕಿಲ್ಲ, ನಮ್ಮ ನೀರು ವರ್ಷವಿಡೀ ಬೆಚ್ಚಗೇ ಇರುತ್ತದೆ.

ಹೊತ್ತು ನೋಡುವುದಾದರೆ, ಭರತ ತುಂಬಿದ ಮೇಲಿನ ಮೊದಲ ಎರಡು ಗಂಟೆಯ ಇಳಿತ ನನ್ನ ಆಯ್ಕೆ. ಕಾಂಡ್ಲಾದೊಳಗೆ ಮೇಯಲು ಹೋದ ಸಿಗಡಿ, ಮರಿಮೀನು ಎಲ್ಲ ಸಣ್ಣ ತೋಡುಗಳ ಬಾಯಿಯಿಂದ ಹೊರಬೀಳಲೇಬೇಕು. ಭರತದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ, ಆದ್ದರಿಂದ ಈ ಭಾನುವಾರ ಬೆಳಿಗ್ಗೆ ಸಿಕ್ಕ ಇಳಿತ ಮುಂದಿನ ಭಾನುವಾರ ಅದೇ ಹೊತ್ತಿಗೆ ಸಿಗುವುದಿಲ್ಲ. ಪಂಚಾಂಗ ನೋಡುವ ಮನೆಯವರಾದರೆ ಇನ್ನೂ ಸುಲಭ: ಅಷ್ಟಮಿಯ ಆಸುಪಾಸು ಓಟ ಕಡಿಮೆ, ಹಗುರ ತಲೆ ಸಾಕು. ಹುಣ್ಣಿಮೆ ಅಮಾವಾಸ್ಯೆಗೆ ಭಾರದವನ್ನು ಒಯ್ಯಿರಿ. ಮಳೆಗಾಲದಲ್ಲಿ ಗದ್ದೆ ಗುಡ್ಡದ ಕೆಂಪು ನೀರು ಇಳಿದು ಜುವಾರಿ, ಮಾಂಡವಿ ಎರಡೂ ಚಹಾ ಬಣ್ಣಕ್ಕೆ ತಿರುಗುತ್ತವೆ. ಮೊಟ್ಟೆಯಿಡುವ ಚೊಣಕ್ ಅಳಿವೆಯ ಬಾಯಿಗೆ ಇಳಿಯುವುದೂ ಆ ಕಾಲದಲ್ಲೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ ಆ ಎರಡು ತಿಂಗಳು ದಡದಿಂದ ಗಾಳ ಹಾಕುವವರೂ ದೊಡ್ಡ ಮೀನನ್ನು ಬಿಟ್ಟರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಚೊಣಕ್ ಗಂಡಾಗಿ ಬೆಳೆದು ಆಮೇಲೆ ಹೆಣ್ಣಾಗುವ ಮೀನು. ದೊಡ್ಡದೆಲ್ಲ ಹೆಚ್ಚುಕಡಿಮೆ ಹೆಣ್ಣೇ, ಮೊಟ್ಟೆ ಇರುವುದು ಅದರಲ್ಲೇ.

ಬಣ್ಣ: ತಿಳಿನೀರಿಗೆ ಹೊಗೆಬಣ್ಣದ ಪಾರದರ್ಶಕ ಗ್ರಬ್ ಅಥವಾ ಕಂದು, ಕೆಂಪು ನೀರಿಗೆ ಬಿಳಿ ಇಲ್ಲವೇ ಗಿಳಿಹಸಿರು ಮಿಶ್ರಿತ ಹಳದಿ, ರಾತ್ರಿಗೆ ಕಪ್ಪು. ಎರಡು ಪೊಟ್ಟಣದಲ್ಲಿ ಶುರು ಮಾಡುವುದಾದರೆ ಬಿಳಿ ಮತ್ತು ಕಂದು. ಉಳಿದ ಹಣಕ್ಕೆ ಜಿಗ್ ಹೆಡ್ ಕೊಳ್ಳಿ.

ಆ ಜಿಗ್ ಹೆಡ್ ವಿಚಾರದಲ್ಲಿ ಎಚ್ಚರವಿರಲಿ. ಸಿಹಿನೀರಿನ ಬಾಸ್‌ಗೆಂದು ಮಾರುವ ಹಲವು ತಲೆಗಳಲ್ಲಿ ಗಾಳದ ತಂತಿ ಸಪೂರ. ಎರಡು ಮೂರು ಕಿಲೋ ಚೊಣಕ್ ಹಾರಿ ತಲೆ ಕೊಡವಿದರೆ ಅದು ನೆಟ್ಟಗಾಗಿಬಿಡುತ್ತದೆ. ಉಪ್ಪುನೀರಿಗೆಂದೇ ಮಾಡಿದ ದಪ್ಪ ತಂತಿಯವನ್ನು ತನ್ನಿ, ಮೂರಿಂಚಿನ ಗ್ರಬ್ಬಿಗೆ 1/0 ಅಥವಾ 2/0, ನಾಲ್ಕಿಂಚಿಗೆ 3/0. ಮನೆಗೆ ಬಂದ ಕೂಡಲೇ ನಲ್ಲಿ ನೀರಿನಲ್ಲಿ ತೊಳೆಯದಿದ್ದರೆ ಅದಕ್ಕೂ ತುಕ್ಕು ತಪ್ಪಿದ್ದಲ್ಲ. ದಾರ 15ರಿಂದ 20 ಪೌಂಡಿನ ಬ್ರೇಡ್ (ಹೆಣೆದ ದಾರ) ಸಾಕು, ಅದರ ತುದಿಗೆ ಒಂದು ಮಾರಿನಷ್ಟು 30 ಅಥವಾ 40 ಪೌಂಡಿನ ಫ್ಲೂರೋಕಾರ್ಬನ್ ಲೀಡರ್, ಅಂದರೆ ಗಾಳದ ಕಡೆಯ ಗಟ್ಟಿ ದಾರ, ಇರಲೇಬೇಕು. ಹಲ್ಲಿಲ್ಲ ಎಂದೆನಲ್ಲ, ಆದರೆ ಆ ಒರಟು ದವಡೆ ಉಜ್ಜಿ ಉಜ್ಜಿ ತೆಳು ದಾರವನ್ನು ತೇಯುತ್ತದೆ, ಕಿವಿರಿನ ಮುಚ್ಚಳದ ಅಂಚು ಚಾಕುವಿನಷ್ಟು ಹರಿತ. ಮೀನು ಹಿಡಿದ ಮೇಲೂ ಕಿವಿರಿಗೆ ಬೆರಳು ಹಾಕಬೇಡಿ, ಕೆಳದವಡೆ ಹಿಡಿಯುವ ಗ್ರಿಪ್ ಇಟ್ಟುಕೊಳ್ಳಿ. ಸೀಸ ಮುಟ್ಟಿದ ಕೈಯಲ್ಲಿ ವಡಾಪಾವ್ ತಿನ್ನಬೇಡಿ.

ರಾಡ್ ಏಳಡಿಯದು, 5ರಿಂದ 20 ಗ್ರಾಂ ಎಸೆಯಬಲ್ಲದ್ದು, ರೀಲ್ 2500 ಅಥವಾ 3000 ಅಳತೆಯದು. ನಿಮ್ಮಲ್ಲಿರುವುದು ಹೆಚ್ಚುಕಡಿಮೆ ಅದೇ ಇರಬೇಕು, ಹೊಸದು ಬೇಡ.

ಮರಳಿನ ತಳವಿರುವ ಅಳಿವೆಯ ಬಾಯಿಗೆ, ಬೇತುಲ್ ಅಥವಾ ತಳಪಣದಂಥ ಕಡೆ ಹೋದರೆ, ಎರಡಿಂಚಿನ ಗ್ರಬ್, 3.5 ಗ್ರಾಂ ತಲೆ ಹಾಕಿ ತಳದ ಮೇಲೆ ಎಳೆಯಿರಿ. ಕಾಣೆ ಮೀನು, ಇಲ್ಲಿಯವರ ಮುಡ್ದೊಶಿ, ಚೆನ್ನಾಗಿ ಹಿಡಿಯುತ್ತದೆ. ತಳದಲ್ಲೇ ಮಲಗುವ ಫ್ಲ್ಯಾಟ್‌ಹೆಡ್ ಕೂಡ ಬರುತ್ತದೆ. ಶೇಡೆ ಜಾತಿಯ ಮೀಸೆ ಮೀನು ಬಂದರೆ ಬೆನ್ನಿನ, ಪಕ್ಕದ ಮುಳ್ಳು ತಾಗದಂತೆ ಇಕ್ಕಳದಿಂದಲೇ ಬಿಡಿಸಿ. ಆ ಚುಚ್ಚು ರಾತ್ರಿಯೆಲ್ಲ ನೋಯುತ್ತದೆ.

ಜಾಗದ ಬಗ್ಗೆ ಎರಡು ಮಾತು. ಹೊಳೆಯ ಉಪ್ಪುನೀರು ತಡೆದು ಮಾಡಿದ ಖಾಜನ್ ಗದ್ದೆಗಳ ಒಡ್ಡಿನಲ್ಲಿ ಮರದ ಬಾಗಿಲಿನ ತೂಬು ನೋಡಿರುತ್ತೀರಿ, ಮಾನಸ್ ಎನ್ನುತ್ತಾರೆ. ಇಳಿತದ ಹೊತ್ತಿಗೆ ಅದರ ಬಾಯಲ್ಲಿ ಮೀನು ಮುತ್ತುವುದು ನಿಜ, ಆದರೆ ಅಲ್ಲಿ ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕಿರುತ್ತಾರೆ. ಕೇಳದೆ ಗಾಳ ಹಾಕಿದರೆ ಜಗಳ ನಿಮ್ಮ ಪಾಲಿಗೇ ಬರುತ್ತದೆ, ಅದು ನ್ಯಾಯವೂ ಹೌದು. ಚೋರಾಂವ್‌ನ ಸಲೀಂ ಅಲಿ ಪಕ್ಷಿಧಾಮದೊಳಗೆ ಗಾಳ ಒಯ್ಯಬೇಡಿ. ಜುವಾರಿ ಮಾಂಡವಿಗಳನ್ನು ಸೇರಿಸುವ ಕುಂಭಾರ್ಜುವೆ ಕಾಲುವೆ ಗ್ರಬ್ ಹಾಕಲು ಹೇಳಿಮಾಡಿಸಿದ ಹಾಗಿದೆ, ಆದರೆ ಅಲ್ಲಿ ಮೊಸಳೆಗಳಿವೆ. ಸಿಕ್ಕಿಕೊಂಡ ಗ್ರಬ್ ಬಿಡಿಸಲು ಮೊಣಕಾಲು ನೀರಿಗೂ ಇಳಿಯಬೇಡಿ. ಗ್ರಬ್ ಹೋದರೆ ಹೋಯಿತು. ಹರಿದ ಗ್ರಬ್‌ಗಳನ್ನು ಮಾತ್ರ ಹೊಳೆಗೆ ಎಸೆಯದೆ ಜೇಬಿಗೆ ಹಾಕಿಕೊಳ್ಳಿ, ಮೀನು ನುಂಗಿದರೆ ಅದು ಕರಗುವ ವಸ್ತುವಲ್ಲ.

ಕೊನೆಗೆ ಕೊರವ. ಧಾರಾಳವಾಗಿ ಹಿಡಿಯುತ್ತದೆ, ಆದರೆ ಜಿಗ್ ಹೆಡ್ ಮನೆಯಲ್ಲೇ ಬಿಡಿ. ಹಾವೇರಿ ಕಡೆಯ ಕೆರೆಯೆಂದರೆ ತಾವರೆ ಎಲೆ, ಜೊಂಡು, ಅಂತರಗಂಗೆ. ಸೀಸವೇ ಇಲ್ಲದೆ ಆಫ್‌ಸೆಟ್ ಗಾಳಕ್ಕೆ ನಾಲ್ಕಿಂಚಿನ ಕಪ್ಪು ಅಥವಾ ಕಂದು ಗ್ರಬ್ಬನ್ನು ಮೇಲೆ ಹೇಳಿದಂತೆ ಮೊನೆ ಮುಚ್ಚಿ ಹಾಕಿ, ಎಲೆಗಳ ಆಚೆಗೆ ಎಸೆದು ಎಲೆಯ ಮೇಲೆಯೇ ಎಳೆದು ತನ್ನಿ, ಎರಡು ಎಲೆಗಳ ನಡುವಿನ ಬಿಡುವಿನಲ್ಲಿ ಮುಳುಗಲು ಬಿಡಿ. ಕೊರವ ಗಾಳಿ ಕುಡಿಯಲು ಮೇಲೆ ಬರುವ ಮೀನು, ಗುಳ್ಳೆ ಎದ್ದ ಜಾಗ ನೋಡಿಟ್ಟುಕೊಂಡು ಅದಕ್ಕಿಂತ ಎರಡು ಮಾರು ಆಚೆಗೆ ಎಸೆಯಿರಿ, ತಲೆಯ ಮೇಲೆ ಬಿದ್ದರೆ ಓಡುತ್ತದೆ. ಇದಕ್ಕೆ ಹಲ್ಲಿದೆ, ಒಂದು ಮೀನಿಗೆ ಒಂದು ಗ್ರಬ್ ಲೆಕ್ಕ ಹಾಕಿಕೊಳ್ಳಿ. ನೀರಿನ ಮೇಲ್ಮೈಯಲ್ಲಿ ಕೆಂಪು ಮರಿಗಳ ಗುಂಪು ಪುಟಪುಟ ಎನ್ನುತ್ತಿದ್ದರೆ ಅಲ್ಲಿಗೆ ಎಸೆಯಬೇಡಿ. ಅಡಿಯಲ್ಲಿ ಕಾವಲಿರುವ ತಾಯಿ ತಂದೆ ಸಿಟ್ಟಿಗೆ ಖಂಡಿತ ಕಚ್ಚುತ್ತವೆ, ಅವನ್ನು ಎತ್ತಿದರೆ ಮರಿಗಳು ಬೇರೆ ಮೀನಿನ ಪಾಲಾಗುತ್ತವೆ. ಕೆರೆಯ ಮೀನು ಟೆಂಡರ್ ಹಿಡಿದವರು ಊರಲ್ಲಿ ಯಾರೆಂದು ನಿಮಗೆ ಗೊತ್ತೇ ಇರುತ್ತದೆ, ಮೊದಲ ದಿನವೇ ಅವರನ್ನು ಕೇಳಿ.